ಕ್ಯಾನ್ಸರ್ ಔಷಧ ಎಲ್ಲಿ ಕೊಳ್ಳಬೇಕು? ಬಿಲ್ಲನ್ನೇ ಮೊದಲು ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಔಷಧದ ಬಗ್ಗೆಯೇ ಇವೆ. ಬೆಲೆ ಜಾಸ್ತಿ, ಯಾರೋ ಕಡಿಮೆಗೆ ಕೊಡ್ತೀನಿ ಅಂತಾರೆ, ನಂಬಬಹುದಾ ಅನ್ನೋದೇ ಬಹಳ ಜನರ ಪ್ರಶ್ನೆ. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಮೊದಲು ಹುಬ್ಬಳ್ಳಿಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಕ್ಯಾನ್ಸರ್ ವಾರ್ಡಿಗೆ ಔಷಧ ತರಿಸಿ, ನೋಡಿ, ಲೆಕ್ಕ ಇಟ್ಟು ಕೊಡುವ ಕೆಲಸ ಮಾಡಿದವಳು. ಯಾವ ಔಷಧ ಬೇಕು ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅದನ್ನು ಎಲ್ಲಿಂದ, ಹೇಗೆ ತರಬೇಕು ಅನ್ನೋದನ್ನು ನಾನು ಹೇಳಬಲ್ಲೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಮ್ಮ ತಾಯಿಗೆ ಶ್ವಾಸಕೋಶದ ಕ್ಯಾನ್ಸರ್. ಇಜಿಎಫ್‌ಆರ್ (ಕ್ಯಾನ್ಸರ್ ಬೆಳೆಸುವ ಒಂದು ಜೀನ್ ಬದಲಾವಣೆ) ಪಾಸಿಟಿವ್ ಅಂತ ರಿಪೋರ್ಟ್ ಬಂದಿದೆ. ಡಾಕ್ಟರ್ ಒಸಿಮರ್ಟಿನಿಬ್ ಮಾತ್ರೆ ಬರೆದಿದ್ದಾರೆ. ತಿಂಗಳ ಖರ್ಚು ಲಕ್ಷ ದಾಟುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಪರಿಚಯವಾದ ಒಬ್ಬರು ಬಾಂಗ್ಲಾದೇಶದಲ್ಲಿ ಮಾಡಿದ ಅದೇ ಮಾತ್ರೆಯನ್ನು ಹತ್ತರಲ್ಲಿ ಒಂದು ಪಾಲಿನ ಬೆಲೆಗೆ ಕೊರಿಯರ್ ಮಾಡ್ತೀನಿ ಅಂತಿದ್ದಾರೆ. ಬಿಲ್ ಇಲ್ಲ, ಮೊಬೈಲಿನಲ್ಲಿ ದುಡ್ಡು ಹಾಕಿದರೆ ಸಾಕಂತೆ. ತರಿಸಲೇ?
— ಪಿ. ಎಸ್., ದಾವಣಗೆರೆ

ಉತ್ತರ: ಬೇಡ. ದಯವಿಟ್ಟು ದುಡ್ಡು ಹಾಕಬೇಡಿ.

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಇದೇ ಪ್ರಶ್ನೆ ಹಿಡಿದುಕೊಂಡು ನನ್ನ ಕೌಂಟರಿನ ಮುಂದೆ ನಿಂತ ಮಕ್ಕಳನ್ನು ಬಹಳ ನೋಡಿದ್ದೇನೆ. ಹಾಗಾಗಿ ಸುಮ್ನೆ 'ಕಾನೂನು ಒಪ್ಪಲ್ಲ' ಅಂದು ಬಿಡುವುದಿಲ್ಲ, ಕಾರಣ ಹೇಳುತ್ತೇನೆ.

ಬಾಂಗ್ಲಾದೇಶದಲ್ಲಿ ಆ ಮಾತ್ರೆ ಅಗ್ಗ ಯಾಕೆ ಅಂದರೆ, ತೀರಾ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವ ದೇಶಗಳು ಔಷಧದ ಪೇಟೆಂಟನ್ನು 2033ರ ವರೆಗೆ ಪಾಲಿಸಬೇಕಿಲ್ಲ ಅಂತ ವಿಶ್ವ ವ್ಯಾಪಾರ ಸಂಸ್ಥೆ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿಯಲ್ಲೇ ಅಲ್ಲಿನ ಕಂಪನಿಗಳು ಮಾಡುತ್ತವೆ. ಅವರ ದೇಶದಲ್ಲಿ ಅದು ಸರಿಯೇ. ನಮ್ಮ ದೇಶಕ್ಕೆ ಬರಬೇಕಾದರೆ ಮಾತ್ರ ಕೇಂದ್ರ ಔಷಧ ಸಂಸ್ಥೆ, ಅಂದರೆ ಸಿಡಿಎಸ್‌ಸಿಒ, ಆ ತಯಾರಿಕೆಯನ್ನು ನೋಡಿ ಆಮದಿಗೆ ಅನುಮತಿ ಕೊಟ್ಟಿರಬೇಕು. ಮಾರುವವನಿಗೆ ಲೈಸೆನ್ಸ್ ಇರಬೇಕು. ನಿಮಗೆ ವಾಟ್ಸಾಪ್‌ನಲ್ಲಿ ಸಿಕ್ಕವರ ಹತ್ತಿರ ಇವೆರಡೂ ಇಲ್ಲ. ಲೈಸೆನ್ಸ್ ಇಲ್ಲದೆ ಔಷಧ ಮಾರಿದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯಡಿ ಕನಿಷ್ಠ 3 ವರ್ಷ ಜೈಲು. ಇದು ಅವರ ತಲೆನೋವು ಅಂತ ನೀವು ಅನ್ನಬಹುದು.

ನಿಮ್ಮ ತಲೆನೋವು ಬೇರೆ ಇದೆ. ಆ ಡಬ್ಬಿಯ ಮೇಲೆ ಇರುವ ಕಂಪನಿಯೇ ಅದನ್ನು ಮಾಡಿದೆ ಅಂತ ನಿಮಗೆ ಯಾರು ಹೇಳುತ್ತಾರೆ? ಕದ್ದು ಬರುವ ಸರಕಿನ ಡಬ್ಬಿಯನ್ನೂ ನಕಲು ಮಾಡುವವರಿದ್ದಾರೆ. ಒಳಗೆ 80 ಮಿಲಿಗ್ರಾಂ ಇದೆಯೋ 20 ಇದೆಯೋ, ಏನೂ ಇಲ್ಲವೋ, ನೋಡಿದರೆ ಗೊತ್ತಾಗುವುದಿಲ್ಲ. ಈ ಮಾತ್ರೆಯನ್ನು ದಿನವೂ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ನಾಳೆ ಸ್ಕ್ಯಾನ್‌ನಲ್ಲಿ ಗೆಡ್ಡೆ ದೊಡ್ಡದಾಗಿದೆ ಅಂತ ಬಂದರೆ, ಡಾಕ್ಟರ್ ಏನಂದುಕೊಳ್ಳುತ್ತಾರೆ? ಈ ಔಷಧಕ್ಕೆ ಕ್ಯಾನ್ಸರ್ ಬಗ್ಗುತ್ತಿಲ್ಲ ಅಂದುಕೊಂಡು ಕೀಮೋಗೆ ಹೋಗುತ್ತಾರೆ. ಅಸಲಿ ಔಷಧ ತಾಯಿಯ ಹೊಟ್ಟೆಗೆ ಹೋಗಿಯೇ ಇರಲಿಕ್ಕಿಲ್ಲ. ನನಗೆ ಜಾಸ್ತಿ ಹೆದರಿಕೆ ಇರುವುದು ಇಲ್ಲೇ. ಬಿಲ್ಲೂ ಇಲ್ಲದಿದ್ದರೆ ಯಾರನ್ನೂ ಕೇಳುವ ಹಾಗಿಲ್ಲ.

ಈಗ ಏನು ಮಾಡಬಹುದು ನೋಡೋಣ.

ಮೊದಲು ಡಾಕ್ಟರ್ ಮುಂದೆ ದುಡ್ಡಿನ ವಿಷಯ ಬಾಯಿಬಿಟ್ಟು ಹೇಳಿ. ಎಷ್ಟೋ ಜನ ಸಂಕೋಚ ಪಡುತ್ತಾರೆ, ಪಡಬೇಡಿ. 'ತಿಂಗಳಿಗೆ ಇಷ್ಟರ ಮೇಲೆ ನಮ್ಮ ಕೈಲಾಗಲ್ಲ ಸಾರ್' ಅಂತಲೇ ಹೇಳಿ. ಇದೇ ಇಜಿಎಫ್‌ಆರ್ ಗುಂಪಿನಲ್ಲಿ ಜೆಫಿಟಿನಿಬ್, ಎರ್ಲೋಟಿನಿಬ್ ಅಂತ ಹಳೆಯ ಮಾತ್ರೆಗಳಿವೆ. ನಮ್ಮ ದೇಶದಲ್ಲೇ ತಯಾರಾಗುತ್ತವೆ, ಬೆಲೆ ತುಂಬಾ ಕಡಿಮೆ. ನಿಮ್ಮ ತಾಯಿಗೆ ಅವು ಸರಿಹೋಗುತ್ತವೆಯೇ ಅನ್ನೋದು ಜೀನ್ ರಿಪೋರ್ಟ್ ನೋಡಿ ಡಾಕ್ಟರ್ ತೀರ್ಮಾನಿಸುವ ಮಾತು. ಆದರೆ ಕೇಳದೇ ಇರಬೇಡಿ.

ಒಸಿಮರ್ಟಿನಿಬ್ಬೇ ಬೇಕು ಅಂದರೆ, ಕಂಪನಿಯ ರೋಗಿ ಸಹಾಯ ಯೋಜನೆ ಇದೆಯಾ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ. ಇಂಥ ಯೋಜನೆಗಳಲ್ಲಿ ಕೆಲವು ತಿಂಗಳು ಕೊಂಡ ಮೇಲೆ ಉಳಿದದ್ದನ್ನು ಉಚಿತವಾಗಿ ಕೊಡುವುದುಂಟು. ಡಾಕ್ಟರ್ ಸಹಿ ಇಲ್ಲದೆ ಯಾವುದೂ ಆಗುವುದಿಲ್ಲ, ಅದಕ್ಕೆ ಅವರ ಮೂಲಕವೇ ಹೋಗಿ. ಇನ್ನೊಂದು ವಿಷಯ. 2024ರ ಜುಲೈ ಬಜೆಟ್‌ನಲ್ಲಿ ಮೂರು ಕ್ಯಾನ್ಸರ್ ಔಷಧಗಳ ಮೇಲಿನ ಆಮದು ಸುಂಕ ತೆಗೆದರು: ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್, ಒಸಿಮರ್ಟಿನಿಬ್, ದುರ್ವಾಲುಮಾಬ್. ಅದೇ ವರ್ಷ ಇವುಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ಎಂಆರ್‌ಪಿಯನ್ನೂ ಇಳಿಸಿ ಅಂತ ಬೆಲೆ ನಿಯಂತ್ರಣ ಸಂಸ್ಥೆ ಎನ್‌ಪಿಪಿಎ ಕಂಪನಿಗಳಿಗೆ ಹೇಳಿತು. ನಿಮಗೆ ಹೇಳಿರುವ ಬೆಲೆ ಹೊಸದೋ ಹಳೆಯದೋ, 'ಫಾರ್ಮಾ ಸಹಿ ದಾಮ್' ಆ್ಯಪ್‌ನಲ್ಲಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಇನ್ನೂ 33 ಔಷಧಗಳಿಗೆ ಜಿಎಸ್‌ಟಿ ಪೂರ್ತಿ ಇಲ್ಲ. ಅಲೆಕ್ಟಿನಿಬ್, ಅಟೆಜೋಲಿಜುಮಾಬ್, ಡಾರಾಟುಮುಮಾಬ್ ಆ ಪಟ್ಟಿಯಲ್ಲಿವೆ. ಇವನ್ನು ಕೊಳ್ಳುವ ಓದುಗರು ಬಿಲ್ಲಿನ ಕೆಳಗಿನ ತೆರಿಗೆ ಸಾಲನ್ನು ಒಮ್ಮೆ ಓದಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ಖರ್ಚಿನ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ವರೆಗೆ ಸರ್ಕಾರ ಕೊಡುತ್ತದೆ. ಎಲ್ಲ ಹೊಸ ಮಾತ್ರೆಗಳೂ ಪ್ಯಾಕೇಜಿನಲ್ಲಿ ಇರುವುದಿಲ್ಲ. ಆರೋಗ್ಯ ಮಿತ್ರ ಅಂತ ಆಸ್ಪತ್ರೆಯಲ್ಲಿ ಒಬ್ಬರು ಕೂತಿರುತ್ತಾರೆ, ಔಷಧದ ಹೆಸರು ಹೇಳಿ ಕೇಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲಿ ಬಡ ರೋಗಿಗಳಿಗೆ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿ ಅಂತಲೂ ಇದೆ. ಓಡಾಟ ಜಾಸ್ತಿ, ನಿಜ. ಆದರೆ ಸಿಕ್ಕಿದ್ದು ಔಷಧವೇ ಆಗಿರುತ್ತದೆ.

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಕಡೆಯ ಸಣ್ಣ ಕ್ಲಿನಿಕ್. ಮಂಗಳೂರಿನಿಂದ ಕ್ಯಾನ್ಸರ್ ತಜ್ಞರೊಬ್ಬರು ಆಗಾಗ ಬಂದು ಇಲ್ಲೇ ಕೀಮೋ ಕೊಡಲು ಒಪ್ಪಿದ್ದಾರೆ. ಇದರಿಂದ ನಮ್ಮ ರೋಗಿಗಳಿಗೆ ಘಟ್ಟ ಇಳಿಯುವುದು ತಪ್ಪುತ್ತದೆ. ಔಷಧ ನಾವೇ ತಂದಿಟ್ಟುಕೊಳ್ಳಬಹುದೇ? ಲೈಸೆನ್ಸ್ ಬೇಕೇ? ಒಬ್ಬ ಏಜೆಂಟ್ ಟ್ರಾಸ್ಟುಜುಮಾಬ್ (ಸ್ತನ ಕ್ಯಾನ್ಸರಿನ ಇಂಜೆಕ್ಷನ್) ಅನ್ನೋದನ್ನು ಮಾರ್ಕೆಟ್ ಬೆಲೆಗಿಂತ ತುಂಬಾ ಕಡಿಮೆಗೆ ಕೊಡ್ತೀನಿ ಅಂತ ಬಂದಿದ್ದ.
— ಡಾ. ಕೆ., ಚಿಕ್ಕಮಗಳೂರು ಜಿಲ್ಲೆ

ಉತ್ತರ: ಡಾಕ್ಟ್ರೇ, ಮೊದಲಿಗೆ ನಿಮಗೆ ನಮಸ್ಕಾರ. ಕೀಮೋ ಹಾಕಿಸಿಕೊಂಡು ಚಾರ್ಮಾಡಿ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಾ ಹೋಗುವವರ ಕಷ್ಟ ಕೇಳಿ ಬಲ್ಲೆ. ಈ ಕೆಲಸ ಆಗಬೇಕು. ಅದಕ್ಕೇ ಸರಿಯಾಗಿ ಶುರುವಾಗಲಿ ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಲೈಸೆನ್ಸ್ ಮಾತು. ಔಷಧ ನಿಯಮಗಳ ಷೆಡ್ಯೂಲ್ ಕೆ ಪ್ರಕಾರ, ನೋಂದಾಯಿತ ವೈದ್ಯರು ತಮ್ಮದೇ ರೋಗಿಗೆ ಔಷಧ ಕೊಡಲು ಮಾರಾಟದ ಲೈಸೆನ್ಸ್ ಬೇಕಿಲ್ಲ. ಇದಕ್ಕೆ ಷರತ್ತುಗಳಿವೆ. ಅಂಗಡಿ ತೆರೆದು ಕೂರಬಾರದು, ಅಂದರೆ ಬೇರೆ ಡಾಕ್ಟರ ಚೀಟಿ ತಂದವರಿಗೆ ಮಾರಬಾರದು. ಲೈಸೆನ್ಸ್ ಇರುವ ವ್ಯಾಪಾರಿ ಅಥವಾ ತಯಾರಕರಿಂದ ಮಾತ್ರ ಕೊಳ್ಳಬೇಕು. ಯಾರಿಂದ, ಯಾವ ಔಷಧ, ಎಷ್ಟು ಕೊಂಡಿರಿ ಅನ್ನೋ ದಾಖಲೆ ಇಟ್ಟಿರಬೇಕು, ಇನ್‌ಸ್ಪೆಕ್ಟರ್ ಬಂದರೆ ತೋರಿಸಬೇಕು. ಕೌಂಟರ್ ಇಟ್ಟು ಎಲ್ಲರಿಗೂ ಕೊಡುವುದಾದರೆ 20, 21ನೇ ಫಾರಂನ ಚಿಲ್ಲರೆ ಲೈಸೆನ್ಸ್ ಮತ್ತು ನೋಂದಾಯಿತ ಫಾರ್ಮಸಿಸ್ಟ್ ಇಬ್ಬರೂ ಬೇಕು. ಕ್ಲಿನಿಕ್ಕಿನ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ) ನೋಂದಣಿ ಹೇಗೂ ಇರಲೇಬೇಕು. ಇದನ್ನೆಲ್ಲ ಒಮ್ಮೆ ನಿಮ್ಮ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಹೋಗಿ ಮಾತಾಡಿ, ಬರಹದಲ್ಲಿ ತಿಳಿಸಿಬಿಡಿ. ಮುಂದೆ ಯಾವ ತಕರಾರೂ ಬರುವುದಿಲ್ಲ.

ಕೊಳ್ಳುವುದು ಸಗಟು ಸ್ಟಾಕಿಸ್ಟ್ ಹತ್ತಿರ. ಅವರಿಗೆ 20ಬಿ ಮತ್ತು 21ಬಿ ಲೈಸೆನ್ಸ್ ಇರಬೇಕು. ಟ್ರಾಸ್ಟುಜುಮಾಬ್‌ನಂಥ ಜೈವಿಕ ಔಷಧಕ್ಕೆ, ಅಂದರೆ ಜೀವಕೋಶಗಳಲ್ಲಿ ಬೆಳೆಸಿದ ಪ್ರೋಟೀನಿನ ಔಷಧಕ್ಕೆ, 21ಬಿ ಇಲ್ಲದಿದ್ದರೆ ಆಗುವುದಿಲ್ಲ. ಲೈಸೆನ್ಸಿನ ಪ್ರತಿ ಕೇಳಿ. ಅದರಲ್ಲಿರುವ ವಿಳಾಸವೂ ಬಿಲ್ಲಿನ ವಿಳಾಸವೂ ಒಂದೇ ಇದೆಯಾ ನೋಡಿ. ಐದು ವರ್ಷಕ್ಕೊಮ್ಮೆ ಕಟ್ಟುವ ಶುಲ್ಕ ಕಟ್ಟಿದ್ದಾರಾ ಕೇಳಿ. ಇಷ್ಟರಿಂದಲೇ ಸಾಲದು. ಆ ಔಷಧ ಮಾಡುವ ಕಂಪನಿಗೆ ನೇರ ಬರೆದು, 'ನಮ್ಮ ಜಿಲ್ಲೆಗೆ ನಿಮ್ಮ ಅಧಿಕೃತ ಸ್ಟಾಕಿಸ್ಟ್ ಯಾರು' ಅಂತ ವಿಚಾರಿಸಿ. ನಾನು ಯಾವ ಹೊಸ ಸ್ಟಾಕಿಸ್ಟ್ ಬಂದರೂ ಕಂಪನಿಯ ಅಧಿಕಾರ ಪತ್ರ ನೋಡದೆ ಆರ್ಡರ್ ಕೊಟ್ಟವಳಲ್ಲ. ಕೆಲವರು ಸಿಟ್ಟಾಗಿದ್ದಾರೆ. ಆಗಲಿ.

ನಿಮ್ಮ ಹತ್ತಿರ ಬಂದ ಏಜೆಂಟನನ್ನು ಮತ್ತೆ ಒಳಗೆ ಬಿಡಬೇಡಿ. ಸ್ಟಾಕಿಸ್ಟರ ಲಾಭಕ್ಕೂ ಒಂದು ಮಿತಿ ಇದೆ, ಅದನ್ನು ಮೀರಿ ಯಾರೂ ಬೆಲೆ ಇಳಿಸಲಾರರು. ಅಷ್ಟು ಕಡಿಮೆಗೆ ಬರುವ ಸರಕು ಒಂದೋ ಕಳವಿನದು, ಇಲ್ಲಾ ಸರ್ಕಾರಿ ಸಪ್ಲೈ ಅಂತ ಬರೆದಿದ್ದ ಸೀಲ್ ಅಳಿಸಿದ್ದು, ಇಲ್ಲಾ ತಂಪು ತಪ್ಪಿ ವಾಪಸ್ ಬಂದದ್ದು, ಇಲ್ಲಾ ನಕಲಿ. ಅಮೆರಿಕದಲ್ಲಿ 2012ರಲ್ಲಿ ನಡೆದದ್ದು ನಿಮ್ಮಂಥ ಕ್ಲಿನಿಕ್ಕುಗಳಲ್ಲೇ. ಅವಾಸ್ಟಿನ್ ಇಂಜೆಕ್ಷನ್ನನ್ನು ಕಡಿಮೆ ಬೆಲೆಗೆ, ವಿದೇಶಿ ಮಾರಾಟಗಾರರ ಕಡೆಯಿಂದ ತರಿಸಿದ್ದರು. ಪರೀಕ್ಷೆ ಮಾಡಿದರೆ ಅದರಲ್ಲಿ ಬೆವಾಸಿಜುಮಾಬ್ ಅನ್ನೋ ಅಸಲಿ ಔಷಧವೇ ಇರಲಿಲ್ಲ. ಅಲ್ಲಿನ ಎಫ್‌ಡಿಎ 19 ಕ್ಲಿನಿಕ್ಕುಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಆಮೇಲೆ ಹೀಗೆ ಕೊಂಡ ಡಾಕ್ಟರುಗಳ ಮೇಲೆ ಕೇಸೂ ಆಯಿತು.

ಬಾಕ್ಸ್ ಬಂದಾಗ ಏನು ಮಾಡಬೇಕು ಅನ್ನೋದನ್ನು ನಿಮ್ಮ ನರ್ಸಿಗೆ ನೀವೇ ಪಕ್ಕದಲ್ಲಿ ನಿಂತು ಕಲಿಸಿ. ನಮ್ಮ ಸ್ಟೋರಿನಲ್ಲಿ ಹೀಗೆ ಮಾಡುತ್ತಿದ್ದೆವು. ಥರ್ಮಾಕೋಲ್ ಬಾಕ್ಸ್ ಬಂದ ತಕ್ಷಣ ಗಂಟೆ ನೋಡಿ ಬಿಲ್ಲಿನ ಮೇಲೆ ಪೆನ್ನಿನಲ್ಲಿ ಬರೆಯುವುದು. ಟೇಪ್ ಕತ್ತರಿಸಿ, ಬೇರೆ ಏನನ್ನೂ ಮುಟ್ಟುವ ಮೊದಲು ಒಳಗಿನ ಡೇಟಾ ಲಾಗರ್ (ದಾರಿಯುದ್ದಕ್ಕೂ ತಾಪಮಾನ ದಾಖಲಿಸುವ ಸಣ್ಣ ಯಂತ್ರ) ಓದುವುದು, ಅದಿಲ್ಲದಿದ್ದರೆ ನಮ್ಮ ಥರ್ಮಾಮೀಟರ್ ಒಳಗಿಡುವುದು. 2ರಿಂದ 8 ಡಿಗ್ರಿ ಒಳಗಿರಬೇಕು. ಜೆಲ್ ಪ್ಯಾಕ್ ಕಲ್ಲಿನ ಹಾಗೆ ಗಟ್ಟಿಯಿದ್ದು, ಡಬ್ಬಿಗೆ ಅಂಟಿಕೊಂಡಿದ್ದರೆ ಅನುಮಾನ ಪಡಬೇಕು. ಬೆಚ್ಚಗಾದರೆ ಎಷ್ಟು ಕೆಟ್ಟದ್ದೋ ಹೆಪ್ಪುಗಟ್ಟಿದರೂ ಅಷ್ಟೇ ಕೆಟ್ಟದ್ದು. ಒಡೆದ ಹಾಲು ಮತ್ತೆ ಹಾಲಾಗದ ಹಾಗೆ, ಒಮ್ಮೆ ಕೆಟ್ಟ ಪ್ರೋಟೀನು ಫ್ರಿಜ್ಜಿಗೆ ಹಾಕಿದರೆ ಸರಿಹೋಗುವುದಿಲ್ಲ. ಆಮೇಲೆ ಬ್ಯಾಚ್ ನಂಬರ್. ಬಿಲ್ಲಿನ ಮೇಲೆ ಇರುವುದು, ಡಬ್ಬಿಯ ಮೇಲೆ ಇರುವುದು, ವಯಲ್ (ಔಷಧದ ಸಣ್ಣ ಬಾಟಲಿ) ಮೇಲೆ ಇರುವುದು ಮೂರೂ ಒಂದೇ ಆಗಿರಬೇಕು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನೋಡುವುದು. ಎಕ್ಸ್‌ಪೈರಿ ದಿನವೂ ಹಾಗೇ. ಕೊನೆಗೆ ವಯಲನ್ನು ಬೆಳಕಿಗೆ ಹಿಡಿದು, ಅಲ್ಯೂಮಿನಿಯಂ ಪಟ್ಟಿ ಸುತ್ತಲೂ ಬಿಗಿಯಾಗಿದೆಯಾ, ಪ್ಲಾಸ್ಟಿಕ್ ಮುಚ್ಚಳ ಸಡಿಲವಿದೆಯಾ, ಲೇಬಲ್ಲಿನ ಅಂಚು ಎದ್ದಿದೆಯಾ ನೋಡುವುದು. ಮುಚ್ಚಳ ತೆಗೆದಾಗ ರಬ್ಬರಿನಲ್ಲಿ ಸೂಜಿ ಚುಚ್ಚಿದ ಗುರುತು ಇದ್ದರೆ ಅಲ್ಲಿಗೇ ನಿಲ್ಲಿಸಬೇಕು.

ರೋಗಿಯ ಕೇಸ್ ಶೀಟಿನಲ್ಲೂ ಬ್ಯಾಚ್ ನಂಬರ್ ಬರೆಯಿರಿ. ಕಂಪನಿ ಒಂದು ಬ್ಯಾಚ್ ವಾಪಸ್ ಕರೆಸಿಕೊಂಡರೆ ಯಾರಿಗೆ ಕೊಟ್ಟಿದ್ದೀರಿ ಅನ್ನೋದು ತಕ್ಷಣ ಸಿಗಬೇಕು. ಬಿಲ್ಲುಗಳನ್ನು ಕನಿಷ್ಠ ಮೂರು ವರ್ಷ ಫೈಲ್ ಮಾಡಿಡಿ ಅನ್ನೋದು ನನ್ನ ಸಲಹೆ. ಬಳಸಿದ ವಯಲ್, ಉಳಿದ ಕೀಮೋ ಎಲ್ಲ ಹಳದಿ ಚೀಲಕ್ಕೆ, ಮೇಲೆ ಸೈಟೊಟಾಕ್ಸಿಕ್ ಅಂತ ಬರೆದು, ಜೈವಿಕ ತ್ಯಾಜ್ಯದವರಿಗೆ. ಖಾಲಿ ವಯಲಿನ ಲೇಬಲ್ ಹರಿದು ಗೀಚಿ ಕೆಡಿಸಿಯೇ ಹಾಕಿ. ಯಾಕೆ ಅನ್ನೋದು ಮುಂದಿನ ಪತ್ರದ ಉತ್ತರದಲ್ಲಿದೆ.

ಬೆಲೆಯ ವಿಷಯಕ್ಕೆ ಇನ್ನೊಂದು ದಾರಿ ಇದೆ. ಟಾಟಾ ಮೆಮೋರಿಯಲ್ ಮುಂದೆ ನಿಂತು ನಡೆಸುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿ ದೇಶದ 300ಕ್ಕೂ ಹೆಚ್ಚು ಕೇಂದ್ರಗಳಿವೆ. ಎಲ್ಲರ ಬೇಡಿಕೆ ಒಟ್ಟುಗೂಡಿಸಿ ಕಂಪನಿಗಳ ಜೊತೆ ಚೌಕಾಸಿ ಮಾಡಿದ್ದರಿಂದ ಬೆಲೆ ತುಂಬಾ ಇಳಿದಿದೆ. ನಿಮ್ಮ ತಜ್ಞರು ಕೆಲಸ ಮಾಡುವ ಆಸ್ಪತ್ರೆ ಅದರ ಸದಸ್ಯವೇ ಕೇಳಿ. ಹಾಗಿದ್ದರೆ ಅವರ ಕೇಂದ್ರದ ಶಾಖೆಯಾಗಿ ನಿಮ್ಮ ಕ್ಲಿನಿಕ್ ನಡೆಸಲು ಬರುತ್ತದೆಯೇ ಅಂತ ಮಾತಾಡಿ ನೋಡಬಹುದು.

ಪ್ರಶ್ನೆ: ನಕಲಿ ಕ್ಯಾನ್ಸರ್ ಔಷಧದ ಸುದ್ದಿ ಓದಿ ಗಾಬರಿಯಾಗಿದೆ. ಅಣ್ಣನಿಗೆ ದುಬಾರಿ ಇಂಜೆಕ್ಷನ್ ನಡೆಯುತ್ತಿದೆ. ನಾವು ಮನೆಯವರು ಏನು ನೋಡಬೇಕು?
— ಆರ್. ಬಿ., ಕಲಬುರಗಿ

ಉತ್ತರ: ನೀವು ಓದಿದ್ದು 2024ರ ಮಾರ್ಚ್ ತಿಂಗಳ ದೆಹಲಿ ಪ್ರಕರಣ ಇರಬೇಕು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಂದಲೇ ದುಬಾರಿ ಇಂಜೆಕ್ಷನ್ನಿನ ಖಾಲಿ ವಯಲ್ ಕೊಂಡು, ಒಳಗೆ ಫ್ಲುಕೋನಜೋಲ್ ಅನ್ನೋ ಶಿಲೀಂಧ್ರದ ಔಷಧ ತುಂಬಿ ಮಾರುತ್ತಿದ್ದರು. ಡಬ್ಬಿ ಅಸಲಿ, ವಯಲ್ ಅಸಲಿ, ಲೇಬಲ್ ಅಸಲಿ. ಅದಕ್ಕೇ ಕಣ್ಣಿಗೆ ಕಾಣಲಿಲ್ಲ. ಅದಕ್ಕೂ ಹಿಂದೆ 2023ರ ಸೆಪ್ಟೆಂಬರಿನಲ್ಲಿ ಆಡ್ಸೆಟ್ರಿಸ್ ಇಂಜೆಕ್ಷನ್ನಿನ ನಕಲಿಗಳು ಭಾರತದಲ್ಲೂ ಓಡಾಡುತ್ತಿವೆ ಅಂತ ಸಿಡಿಎಸ್‌ಸಿಒ ಎಚ್ಚರಿಸಿತ್ತು. ಬಾಯಿಬಿಡಲಾಗದ ರೋಗಿಯ ಮೈಗೆ ಇಂಥದ್ದು ಹಾಕಲು ಮನಸ್ಸು ಬರುತ್ತದಲ್ಲ ಅಂತ ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಇಂಜೆಕ್ಷನ್ ಕೊಡುವ ಮೊದಲು ಮುಚ್ಚಳ ಇರುವ ವಯಲನ್ನೇ ತೋರಿಸಿ ಅಂತ ನರ್ಸನ್ನು ಕೇಳಿ. ಬ್ಯಾಚ್ ನಂಬರ್ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಬಿಲ್ಲಿನ ಜೊತೆ ತಾಳೆ ನೋಡಿ. ಮುಗಿದ ಮೇಲೆ ಡಬ್ಬಿಯನ್ನು ನಿಮ್ಮ ಕೈಯಲ್ಲೇ ಹರಿದು ಹಾಕಿ, ವಯಲ್ ಲೇಬಲ್ ನಿಮ್ಮೆದುರೇ ಕೆಡಿಸಲು ಹೇಳಿ. ಖಾಲಿ ಬಾಟಲಿ ಕೊಡಿ, ದುಡ್ಡು ಕೊಡ್ತೀವಿ ಅಂತ ಯಾರೇ ಬಂದರೂ ತಕ್ಷಣ ಆಸ್ಪತ್ರೆಯ ಮೇಲಿನವರಿಗೆ ತಿಳಿಸಿ. ಇದನ್ನೆಲ್ಲ ಕೇಳಿದರೆ ಅವರು ಬೇಜಾರು ಮಾಡಿಕೊಳ್ತಾರೇನೋ ಅಂತ ಹಿಂಜರಿಯಬೇಡಿ. ಒಳ್ಳೆಯ ನರ್ಸ್ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅನುಮಾನ ಗಟ್ಟಿಯಾದರೆ ವಯಲನ್ನು ಎಸೆಯಬೇಡಿ. ಬಿಲ್ ಸಮೇತ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ. ಕಾಯಿದೆಯ 26ನೇ ಕಲಂ ಪ್ರಕಾರ, ತಾನು ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕು ಯಾರಿಗಾದರೂ ಇದೆ. ಕೊಂಡದ್ದು ಅಂತ ತೋರಿಸಲು ಬಿಲ್ಲೇ ಬೇಕು. ನೋಡಿ, ಎಲ್ಲ ಸುತ್ತಿ ಅಲ್ಲಿಗೇ ಬರುತ್ತೇವೆ.

ಪ್ರಶ್ನೆ: ಅಕ್ಕಾ, ನನಗೆ ಸ್ತನ ಕ್ಯಾನ್ಸರ್. ಆಸ್ಪತ್ರೆಯವರು ನಮ್ಮ ಫಾರ್ಮಸಿಯಲ್ಲೇ ಕೊಳ್ಳಬೇಕು ಅಂತಾರೆ. ಹೊರಗೆ ಅದೇ ಔಷಧ ಕಡಿಮೆಗೆ ಸಿಗುತ್ತದೆ. ಜೊತೆಗೆ ಬೇರೆ ಕಂಪನಿಯ ಅಗ್ಗದ್ದು ತೆಗೆದುಕೊಂಡರೆ ಕೆಲಸ ಮಾಡಲ್ಲ ಅಂತ ನಮ್ಮ ಸಂಬಂಧಿಕರೊಬ್ಬರು ಹೆದರಿಸುತ್ತಿದ್ದಾರೆ.
— ಹೆಸರು ಬೇಡ, ಶಿವಮೊಗ್ಗ

ಉತ್ತರ: ತಂಗೀ, ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಬೇಕು ಅಂತ ಯಾವ ಕಾನೂನೂ ಇಲ್ಲ. ಇದೇ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. 2025ರ ಮಾರ್ಚ್‌ನಲ್ಲಿ ಕೋರ್ಟ್ ತಾನೇ ಆದೇಶ ಕೊಡದೆ, ರಾಜ್ಯ ಸರ್ಕಾರಗಳು ನೀತಿ ಮಾಡಲಿ ಅಂದಿತು. ಹಾಗಾಗಿ ಈಗ ಮಾತಾಡಿಯೇ ದಾರಿ ಮಾಡಿಕೊಳ್ಳಬೇಕು.

ಮಾತ್ರೆಯಾದರೆ ಚಿಂತೆಯೇ ಇಲ್ಲ. ಲೆಟ್ರೊಜೋಲ್, ಟ್ಯಾಮೋಕ್ಸಿಫೆನ್, ಕ್ಯಾಪೆಸಿಟಬಿನ್‌ನಂಥವನ್ನು ಚೀಟಿ ತೋರಿಸಿ ಲೈಸೆನ್ಸ್ ಇರುವ ಯಾವ ಅಂಗಡಿಯಲ್ಲಾದರೂ ಕೊಳ್ಳಿ. ಜನೌಷಧಿ ಕೇಂದ್ರಗಳಲ್ಲಿ ಕೆಲವು ಕ್ಯಾನ್ಸರ್ ಮಾತ್ರೆಗಳಿವೆ, ಎಚ್‌ಎಲ್‌ಎಲ್ ಸಂಸ್ಥೆ ನಡೆಸುವ ಅಮೃತ್ ಫಾರ್ಮಸಿಗಳಲ್ಲಿ ಇನ್ನೂ ಜಾಸ್ತಿ. ಇಂಜೆಕ್ಷನ್ನಿಗೆ ಆಸ್ಪತ್ರೆಯವರು 'ಹೊರಗಿನದು ಬೇಡ' ಅನ್ನುವುದರಲ್ಲಿ ಒಂದು ನಿಜವಾದ ಕಾರಣವೂ ಇದೆ. ದಾರಿಯಲ್ಲಿ ತಂಪು ತಪ್ಪಿತೋ ಇಲ್ಲವೋ ಅವರಿಗೆ ಹೇಗೆ ಗೊತ್ತಾಗಬೇಕು? ಅಧಿಕೃತ ಸ್ಟಾಕಿಸ್ಟ್ ಬಿಲ್ ಸಮೇತ ತಂಪಿನಲ್ಲಿ ತಂದು ಅವರ ಕೈಗೇ ಕೊಟ್ಟರೆ ಒಪ್ತೀರಾ ಅಂತ ಕೇಳಿ. ಒಪ್ಪದಿದ್ದರೆ, ಹೊರಗಿನ ಬೆಲೆ ಬರೆಸಿಕೊಂಡು ಬಂದು ತೋರಿಸಿ. ಎಂಆರ್‌ಪಿ ಅನ್ನೋದು ಗರಿಷ್ಠ ಬೆಲೆ, ಅದಕ್ಕಿಂತ ಕಡಿಮೆಗೆ ಕೊಡಲು ಅವರಿಗೆ ಯಾರೂ ಅಡ್ಡಿ ಮಾಡಿಲ್ಲ. 2019ರ ಫೆಬ್ರವರಿಯಲ್ಲಿ ಎನ್‌ಪಿಪಿಎ 42 ಕ್ಯಾನ್ಸರ್ ಔಷಧಗಳ ವ್ಯಾಪಾರದ ಲಾಭಕ್ಕೆ ಶೇ. 30ರ ಮಿತಿ ಹಾಕಿದಾಗ, ಅದಕ್ಕೂ ಮೊದಲು ಮಧ್ಯದಲ್ಲಿ ಎಷ್ಟು ಸೇರುತ್ತಿತ್ತು ಅನ್ನೋದು ಎಲ್ಲರಿಗೂ ಕಂಡಿತು. ಕೇಳಿದವರಿಗೆ ಬೆಲೆ ಇಳಿದದ್ದನ್ನು ನಾನೇ ನೋಡಿದ್ದೇನೆ.

ಅಗ್ಗದ್ದು ಕೆಲಸ ಮಾಡಲ್ಲ ಅನ್ನೋ ಮಾತಿಗೆ ಕಿವಿ ಕೊಡಬೇಡಿ. ರಕ್ತ ಕ್ಯಾನ್ಸರಿನ ಇಮಾಟಿನಿಬ್ ನೋಡಿ. ಗ್ಲಿವೆಕ್ ಬ್ರಾಂಡಿಗೆ ತಿಂಗಳಿಗೆ ಸುಮಾರು 1.2 ಲಕ್ಷ ಇದ್ದಾಗ ನಮ್ಮ ಕಂಪನಿಗಳ ಮಾತ್ರೆ 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಇಲ್ಲ ಅಂದಿದ್ದರಿಂದ ಆ ದಾರಿ ಉಳಿಯಿತು. ಅದಕ್ಕೂ ಒಂದು ವರ್ಷ ಮೊದಲು, ತಿಂಗಳಿಗೆ 2.8 ಲಕ್ಷ ಇದ್ದ ಸೊರಾಫೆನಿಬ್ಬನ್ನು 8,800ಕ್ಕೆ ಮಾಡಿ ಮಾರಲು ನ್ಯಾಟ್ಕೋ ಕಂಪನಿಗೆ ಸರ್ಕಾರ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಬೇರೆಯವರದಿದ್ದರೂ ಮಾಡಲು ಅನುಮತಿ) ಕೊಟ್ಟಿತ್ತು. ಇವೆಲ್ಲ ಕಾನೂನಿನ ಒಳಗೇ ಸಿಕ್ಕ ಅಗ್ಗ. ಇಮಾಟಿನಿಬ್ ನುಂಗುತ್ತಾ ಮಕ್ಕಳ ಮದುವೆ ಮಾಡಿ ಮೊಮ್ಮಕ್ಕಳನ್ನು ಎತ್ತಿಕೊಂಡು ನನ್ನ ಕೌಂಟರಿಗೆ ಬಂದವರಿದ್ದಾರೆ, ಅವರು ನುಂಗುತ್ತಿದ್ದದ್ದು ನಮ್ಮ ದೇಶದ ಮಾತ್ರೆಯನ್ನೇ.

ನಿಮ್ಮ ಕ್ಯಾನ್ಸರ್ ಹರ್-2 (ಗೆಡ್ಡೆಯ ಜೀವಕೋಶದ ಮೇಲಿನ ಒಂದು ಪ್ರೋಟೀನು) ಪಾಸಿಟಿವ್ ಆಗಿದ್ದರೆ ಟ್ರಾಸ್ಟುಜುಮಾಬ್ ಬರೆದಿರುತ್ತಾರೆ. ಅದರ ಬಯೋಸಿಮಿಲರನ್ನು, ಅಂದರೆ ಅದೇ ಜೈವಿಕ ಔಷಧಕ್ಕೆ ಹೋಲುವ ಹಾಗೆ ಬೇರೆ ಕಂಪನಿ ಮಾಡಿದ್ದನ್ನು, ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲೇ ಮಾರುಕಟ್ಟೆಗೆ ತಂದಿತು. ಬಯೋಸಿಮಿಲರಿಗೆ ಹೋಲಿಕೆಯ ಪರೀಕ್ಷೆಗಳಾಗಿ ಅನುಮತಿ ಸಿಕ್ಕಿರುತ್ತದೆ. ಆದರೆ ನಡುವೆ ಬ್ರಾಂಡ್ ಬದಲಿಸುವುದಾದರೆ ಡಾಕ್ಟರಿಗೆ ಹೇಳಿಯೇ ಬದಲಿಸಿ. ಅಂಗಡಿಯವರು ತಾವಾಗಿ ಬದಲಿಸಬಾರದು.

ಪ್ರಶ್ನೆ: ಅಪ್ಪನಿಗೆ ಡಾಕ್ಟರ್ ಹೇಳಿದ ಔಷಧ ಭಾರತದಲ್ಲಿ ಮಾರಾಟಕ್ಕೇ ಇಲ್ಲ. ಅಮೆರಿಕದಲ್ಲಿರುವ ಅಕ್ಕ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರ್ತೀನಿ ಅಂತಾಳೆ.
— ವಿ. ಎನ್., ಮಂಗಳೂರು

ಉತ್ತರ: ಸೂಟ್‌ಕೇಸಿನ ವಿನಾಯಿತಿ ಪ್ರಯಾಣಿಕರ ಸ್ವಂತ ಬಳಕೆಯ ಔಷಧಕ್ಕೆ ಮಾತ್ರ, ಅದೂ 100 ಡೋಸಿನ ವರೆಗೆ. ಅಕ್ಕ ತರುವುದು ಅಪ್ಪನಿಗೆ, ಆದ್ದರಿಂದ ಕಸ್ಟಮ್ಸ್‌ನವರು ಹಿಡಿದರೆ ಕಷ್ಟ. ಇದಕ್ಕೆ ಸರಿಯಾದ ದಾರಿಯೇ ಇದೆ. ಅಪ್ಪನ ಹೆಸರಿನಲ್ಲಿ 12ಎ ಫಾರಂ ಅರ್ಜಿಯನ್ನು, ಡಾಕ್ಟರ್ ಚೀಟಿ ಮತ್ತು ರಿಪೋರ್ಟುಗಳ ಜೊತೆ, ಸಿಡಿಎಸ್‌ಸಿಒದ 'ಸುಗಮ್' ಪೋರ್ಟಲಿನಲ್ಲಿ ಹಾಕಿ. ಒಪ್ಪಿದರೆ 12ಬಿ ಪರವಾನಗಿ ಕೊಡುತ್ತಾರೆ. ಚೀಟಿಯಲ್ಲಿ ಔಷಧದ ಮೂಲ ಹೆಸರು, ಡೋಸ್, ಎಷ್ಟು ತಿಂಗಳಿಗೆ ಎಷ್ಟು ಬೇಕು ಅನ್ನೋದು ಸ್ಪಷ್ಟವಾಗಿ ಇರಲಿ. ಔಷಧ ಬರುವ ಮೊದಲೇ ಪರವಾನಗಿ ಕೈಯಲ್ಲಿರಬೇಕು. ಆಮೇಲೆ ಅಕ್ಕ ಅದರ ಪ್ರತಿ ಇಟ್ಟುಕೊಂಡು, ಅಲ್ಲಿನ ಫಾರ್ಮಸಿಯ ಬಿಲ್ ಸಮೇತ, ವಿಮಾನ ನಿಲ್ದಾಣದಲ್ಲಿ ತಾನಾಗಿಯೇ ಹೇಳಿ ತೋರಿಸಲಿ.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡರು. ಒಡೆಯದ ಕ್ಯಾಪೆಸಿಟಬಿನ್ ಸ್ಟ್ರಿಪ್ಪುಗಳು, ಫ್ರಿಜ್ಜಿನಲ್ಲಿ ಎರಡು ಇಂಜೆಕ್ಷನ್ ಉಳಿದಿವೆ. ಯಾರಿಗಾದರೂ ಉಪಯೋಗವಾಗಲಿ ಅಂತ ಆಸೆ. ಅರ್ಧ ಬೆಲೆಗೆ ಕೊಡಿ ಅಂತ ಒಬ್ಬರು ಕೇಳುತ್ತಿದ್ದಾರೆ.
— ಒಬ್ಬ ತಾಯಿ, ಉಡುಪಿ

ಉತ್ತರ: ಅಮ್ಮಾ, ಅಷ್ಟು ದುಃಖದಲ್ಲೂ ಇನ್ನೊಬ್ಬರ ಬಗ್ಗೆ ಯೋಚಿಸಿದ್ದೀರಿ. ಆದರೆ ದುಡ್ಡಿಗೆ ಕೊಡಬೇಡಿ. ಮನೆಯಿಂದ ಔಷಧ ಮಾರುವುದು ಕಾನೂನಿಗೆ ವಿರುದ್ಧ, ಮತ್ತು ಹೀಗೆ ಬಿಡಿಬಿಡಿಯಾಗಿ ಕೊಳ್ಳುವವರು ಅದನ್ನು ಎಲ್ಲಿಗೆ ಒಯ್ಯುತ್ತಾರೋ ನಿಮಗೆ ಗೊತ್ತಾಗುವುದಿಲ್ಲ. ಯಜಮಾನರಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಸ್ಟ್ರಿಪ್ಪುಗಳನ್ನು, ಬಿಲ್ ಇದ್ದರೆ ಅದನ್ನೂ ಒಯ್ದು, ಅಲ್ಲಿನ ಮೆಡಿಕಲ್ ಸೋಷಿಯಲ್ ವರ್ಕರನ್ನು ಕೇಳಿ. ಬಡ ರೋಗಿಗೆ ಕೊಡಬಹುದೋ ಇಲ್ಲವೋ ಅಂತ ಅಲ್ಲಿನ ಡಾಕ್ಟರ್ ಮತ್ತು ಫಾರ್ಮಸಿಸ್ಟ್ ನೋಡಿ ಹೇಳುತ್ತಾರೆ. ಇಂಜೆಕ್ಷನ್ನುಗಳನ್ನು ಮಾತ್ರ ಯಾರಿಗೂ ಕೊಡುವ ಹಾಗಿಲ್ಲ. ಮನೆಯಲ್ಲಿ ಕರೆಂಟ್ ಎಷ್ಟು ಸಲ ಹೋಗಿದೆಯೋ, ತಂಪು ಉಳಿದಿದೆ ಅಂತ ಯಾರೂ ಹೇಳಲಾರರು. ಅವನ್ನು ಕಸದ ಬುಟ್ಟಿಗೋ ಚರಂಡಿಗೋ ಹಾಕದೆ ಆಸ್ಪತ್ರೆಗೇ ಕೊಟ್ಟುಬಿಡಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಚ್ಚಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೊಂಡ ಫಿಲ್‌ಗ್ರಾಸ್ಟಿಮ್ (ಕೀಮೋ ಆದ ಮೇಲೆ ಬಿಳಿ ರಕ್ತಕಣ ಹೆಚ್ಚಿಸುವ, ತಂಪಿನಲ್ಲೇ ಇಡಬೇಕಾದ) ಇಂಜೆಕ್ಷನ್ನನ್ನು ರಾಯಚೂರಿಗೆ ರಾತ್ರಿ ಬಸ್ಸಿನಲ್ಲಿ ತರಬೇಕು. ಹೇಗೆ?
— ಎಂ. ಜಿ., ರಾಯಚೂರು

ಉತ್ತರ: ಬಸ್ ಹೊರಡುವ ಸ್ವಲ್ಪ ಮೊದಲು ಕೊಳ್ಳಿ, ಬೆಳಿಗ್ಗೆಯೇ ಕೊಂಡು ಕೈಯಲ್ಲಿ ಹಿಡಿದು ತಿರುಗಬೇಡಿ. ಅಂಗಡಿಯವರ ಹತ್ತಿರವೇ ಥರ್ಮಾಕೋಲ್ ಬಾಕ್ಸ್, ಜೆಲ್ ಪ್ಯಾಕ್ ಕೇಳಿ. ಜೆಲ್ ಪ್ಯಾಕ್ ಮೇಲೆ ನೀರು ಬೆವರುವವರೆಗೆ ಹೊರಗಿಟ್ಟು, ಆಮೇಲೆ ಟವೆಲ್ಲಿನಲ್ಲಿ ಸುತ್ತಿ ಇಡಿ. ಇಂಜೆಕ್ಷನ್ನಿನ ಡಬ್ಬಿಗೆ ಅದು ನೇರ ತಾಗಬಾರದು. ಬರಿ ಐಸ್ ಗಡ್ಡೆ ಹಾಕಬೇಡಿ. ಬಾಕ್ಸನ್ನು ಬಸ್ಸಿನ ಲಗೇಜ್ ಡಿಕ್ಕಿಗೆ ಕೊಡದೆ ನಿಮ್ಮ ಕಾಲ ಹತ್ತಿರವೇ ಇಟ್ಟುಕೊಳ್ಳಿ, ದಾರಿಯಲ್ಲಿ ತೆಗೆದು ತೆಗೆದು ನೋಡಬೇಡಿ. ಮನೆ ಮುಟ್ಟಿದ ತಕ್ಷಣ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ, ಬಾಗಿಲಿನಲ್ಲೂ ಬೇಡ, ಫ್ರೀಜರಿನ ಕೆಳಗೂ ಬೇಡ. ರಾಯಚೂರಿನಲ್ಲೇ ಅಧಿಕೃತ ಸ್ಟಾಕಿಸ್ಟ್ ಇದ್ದಾರೆಯೇ ಅಂತ ಕಂಪನಿಗೆ ಒಂದು ಫೋನ್ ಮಾಡಿ ಕೇಳಿ. ಇದ್ದರೆ ಮುಂದಿನ ಸಲ ಈ ಪ್ರಯಾಣವೇ ಬೇಕಾಗುವುದಿಲ್ಲ.